ಎಲ್ಲಿಗೂ ಸೇರದ ಐದು ಕೋಶಗಳು

ಪೆಟ್ಟಿಗೆ ಪ್ರಯೋಗಶಾಲೆಯ ಮೇಜಿನ ಮೇಲೆ ಒಂದೂವರೆ ಗಂಟೆ ಕೂತಿತ್ತು. ಅದರ ಕೆಂಪು ದೀಪ ಒಮ್ಮೆಯೂ ಹತ್ತಲಿಲ್ಲ.

ಪಕ್ಕದ ಸ್ಪೀಕರಿನಿಂದ ವಿದ್ಯುತ್ ಮಗ್ಗದ ಸದ್ದು ಬರುತ್ತಿತ್ತು. ಮಗ್ಗದ ಮೋಟಾರು ಎಳೆದುಕೊಂಡ ಕರೆಂಟಿನ ಏರಿಳಿತವನ್ನೂ ಶಾಕಾಂಬರಿ ದಾಖಲು ಮಾಡಿ ತಂದಿದ್ದಳು. ಅದನ್ನೂ ಪೆಟ್ಟಿಗೆಗೆ ಕೊಟ್ಟು ನೋಡಿದ್ದಾಯಿತು. ಆ ದಾಖಲೆಯಲ್ಲಿ ಒಂಬತ್ತು ಸಲ ಹಾಸಿನ ಎಳೆ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ನೂಲು, ಹರಿದಿತ್ತು. ಎಳೆ ಹರಿಯುವ ಇಪ್ಪತ್ತು ಸೆಕೆಂಡ್ ಮೊದಲೇ ದೀಪ ಹತ್ತಬೇಕು; ನೇಕಾರ ಮಗ್ಗ ನಿಲ್ಲಿಸಿ, ಸಡಿಲಾದ ಎಳೆ ಹುಡುಕಿ ಗಂಟು ಹಾಕಬೇಕು. ಆ ಪೆಟ್ಟಿಗೆ ಇದ್ದದ್ದೇ ಅದಕ್ಕೆ.

“ಮನ್ಯಾಗ ನಡೀತೈತ್ರಿ ಮೇಡಂ,” ಎಂದಳು ಶಾಕಾಂಬರಿ.

“ಮನ್ಯಾಗ ನಡಿಯೂದು ಇಲ್ಲ್ಯಾಕ ನಡಿಯೂದಿಲ್ಲ?”

“ಗೊತ್ತಿಲ್ರಿ.”

ಇಂದುಮತಿ ಕಟಗೇರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಪ್ಪತ್ತಾರು ವರ್ಷದಿಂದ ಅದೇ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿದವರು ಅವರು. ಕೊನೆಯ ವರ್ಷದ ಮಕ್ಕಳ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಹೊಸದೇನಲ್ಲ. ಆದರೆ ಈ ಹುಡುಗಿ ಅದನ್ನು ತಲೆ ತಗ್ಗಿಸದೆ ಹೇಳುತ್ತಿದ್ದಳು.

ಸರ್ಕ್ಯೂಟನ್ನು ಶಾಕಾಂಬರಿ ತಾನೇ ಬರೆದಿರಲಿಲ್ಲ. ನೂರು ಪುಟ್ಟ ಕೋಶಗಳಿರುವ ಒಂದು ಎಲೆಕ್ಟ್ರಾನಿಕ್ ಚಿಪ್ಪು ತಂದು, ಆ ಕೋಶಗಳನ್ನು ಒಂದಕ್ಕೊಂದು ಹೇಗೆ ಬೇಕಾದರೂ ಜೋಡಿಸುವ ಪ್ರೋಗ್ರಾಮ್ ಬರೆದಿದ್ದಳು. ಪ್ರೋಗ್ರಾಮು ಮೊದಲು ಕಣ್ಣುಮುಚ್ಚಿ ಐವತ್ತು ಜೋಡಣೆ ಮಾಡಿತು. ಒಂದೊಂದನ್ನೂ ಅವಳ ಅಪ್ಪನ ಮಗ್ಗದ ಪಕ್ಕ ಓಡಿಸಿ ನೋಡಿತು. ಎಳೆ ಹರಿದಾಗಲೆಲ್ಲ ಅಪ್ಪ ಕಾಲಿನಿಂದ ಒಂದು ಗುಂಡಿ ಒತ್ತುತ್ತಿದ್ದ. ಎಳೆ ಹರಿಯುವ ಮುಂಚೆ ಸ್ವಲ್ಪವಾದರೂ ಮಿಸುಕಾಡಿದ ಜೋಡಣೆಗಳು ಉಳಿದವು, ಬೇರೆಯವೆಲ್ಲ ಅಳಿದವು. ಉಳಿದವುಗಳ ತುಂಡು ಕೂಡಿಸಿ ಮತ್ತೆ ಐವತ್ತು. ಹೀಗೆ ಒಂಬತ್ತು ತಿಂಗಳು. ಕೊನೆಗೆ ಬಂದ ಸರ್ಕ್ಯೂಟನ್ನು ಯಾವ ಮನುಷ್ಯನೂ ಯೋಚಿಸಿ ಬರೆದಿರಲಿಲ್ಲ.

ಇಂದುಮತಿ ಅದರ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿಕೊಂಡಿದ್ದರು. ನೂರರಲ್ಲಿ ಮೂವತ್ತೇಳು ಕೋಶ ಮಾತ್ರ ಬಳಕೆಯಾಗಿತ್ತು. ಅವುಗಳಲ್ಲಿ ಐದರ ಸುತ್ತ ಅವರು ಕೆಂಪು ಪೆನ್ನಿನಲ್ಲಿ ಗೆರೆ ಹಾಕಿದ್ದರು.

“ಇವು ಐದು ಎಲ್ಲಿಗೂ ಸೇರಿಲ್ಲ. ಒಳಗ ಬರೂ ತಂತಿ ಇಲ್ಲ, ಹೊರಗ ಹೋಗೂ ತಂತಿ ಇಲ್ಲ. ಇವು ಏನ್ ಮಾಡತಾವ?”

“ಗೊತ್ತಿಲ್ರಿ.”

“ತಗದಬಿಡು ಹಂಗಾದ್ರ.”

“ತಗದ್ ನೋಡೀನ್ರಿ. ತಗದ್ರ ದೀಪಾನ ಹತ್ತೂದಿಲ್ಲ.”

ಇಂದುಮತಿ ಹುಡುಗಿಯ ಮುಖವನ್ನೇ ನೋಡಿದರು. ಎಲ್ಲಿಗೂ ಸೇರದ ಕೋಶ ತೆಗೆದರೆ ಸರ್ಕ್ಯೂಟ್ ನಿಲ್ಲುತ್ತದೆ ಎಂದರೆ, ಗೂಟಕ್ಕೆ ನೇತುಹಾಕಿದ ಅಂಗಿ ತೆಗೆದರೆ ಮನೆಯ ದೀಪ ಆರುತ್ತದೆ ಎಂದಂತೆ. ಸುಳ್ಳು ಹೇಳುವವರು ಕೂಡ ಇಷ್ಟು ಕೆಟ್ಟ ಸುಳ್ಳು ಹೇಳುವುದಿಲ್ಲ. ಹಾಗಾದರೆ ಇವಳಿಗೆ ಯಾರೋ ಸಿದ್ಧ ಪೆಟ್ಟಿಗೆ ಕೊಟ್ಟಿದ್ದಾರೆ, ಒಳಗೇನಿದೆ ಎಂದು ಹೇಳಿಕೊಟ್ಟಿಲ್ಲ.

ಅನುಮಾನ ಪಡುವುದಕ್ಕೆ ಅವರಿಗೆ ಕಾರಣವಿತ್ತು. ಕೇಳಿದ್ದನ್ನೆಲ್ಲ ಯಂತ್ರಗಳೇ ಬರೆದುಕೊಡುವ ಕಾಲ ಬಂದ ಮೇಲೆ, ಪ್ರಾಜೆಕ್ಟ್ ಕೆಲಸ ಮಾಡುತ್ತದೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲರವೂ ಕೆಲಸ ಮಾಡುತ್ತಿದ್ದವು. ಹಾಗಾಗಿ ವಿಶ್ವವಿದ್ಯಾಲಯ ‘ಗ್ರಹಿಕೆ ಪತ್ರ’ ಎಂಬ ಹೊಸ ಕಾಗದ ತಂದಿತ್ತು. ‘ಈ ವಿನ್ಯಾಸದ ಪ್ರತಿಯೊಂದು ಭಾಗವೂ ವಿದ್ಯಾರ್ಥಿಗೂ ನನಗೂ ಅರ್ಥವಾಗಿದೆ’ ಎಂದು ಮಾರ್ಗದರ್ಶಕರು ಸಹಿ ಮಾಡಬೇಕು. ಸಹಿ ಇಲ್ಲದಿದ್ದರೆ ಪದವಿ ಇಲ್ಲ. ಮೂರು ವರ್ಷದ ಹಿಂದೆ ಇಂದುಮತಿ ಒಬ್ಬ ಚುರುಕು ಮಾತಿನ ಹುಡುಗನನ್ನು ನಂಬಿ ಸಹಿ ಹಾಕಿದ್ದರು. ಅವನು ಪರೀಕ್ಷಕರೆದುರು ತನ್ನದೇ ಯಂತ್ರದ ಮುಚ್ಚಳ ತೆಗೆಯಲಾಗದೆ ನಿಂತಿದ್ದ. ಇಡೀ ವಿಭಾಗದ ಎದುರು ಇಂದುಮತಿ ಕ್ಷಮಾಪಣೆ ಓದಬೇಕಾಗಿ ಬಂತು. ಆಮೇಲೆ ಅವರು ಯಾರ ಕಾಗದಕ್ಕೂ ಮೂರು ಸಲ ಓದದೆ ಪೆನ್ನು ಇಟ್ಟಿಲ್ಲ.

“ನಾ ನಿಮ್ಮ ಮನೀಗೆ ಬರತೀನಿ,” ಎಂದರು.

“ಯಾವತ್ತ ಬರತೀರ್ರಿ?”

“ಅದನ್ನ ಹೇಳೂದಿಲ್ಲ.”

*

ಅವರು ಹೋದದ್ದು ಮಾರ್ಚ್ ತಿಂಗಳ ಒಂದು ಬುಧವಾರ, ಹನ್ನೊಂದು ಗಂಟೆಗೆ. ಊರಿನ ಉತ್ತರಕ್ಕೆ ನೇಕಾರ ಕಾಲೊನಿ. ಒಂದಕ್ಕೊಂದು ಗೋಡೆ ಹಚ್ಚಿದ ಎಂಟು ಮನೆಗಳ ಸಾಲು, ಪ್ರತಿ ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಗ್ಗ. ಓಣಿಗೆ ಕಾಲಿಟ್ಟರೆ ನೆಲವೇ ನಡುಗುತ್ತಿತ್ತು. ಮಾತಾಡಬೇಕಾದರೆ ಕಿವಿಯ ಹತ್ತಿರ ಬಾಯಿ ತರಬೇಕು.

ಶಾಕಾಂಬರಿಯ ಅಪ್ಪ ಸಂಗಪ್ಪ ಬನಿಯನ್ನಿನ ಮೇಲೆ ಟವಲ್ ಎಳೆದುಕೊಂಡು ಬಂದ. ತಾಯಿ ನೀಲವ್ವ ಕಂಡಿಕೆಗೆ ನೂಲು ಸುತ್ತುವುದನ್ನು ಬಿಟ್ಟು ಚಹಾಕ್ಕೆ ಎದ್ದಳು.

“ಚಹಾ ಬ್ಯಾಡ. ಮೊದಲ ಪೆಟ್ಟಿಗಿ ತೋರಸ್ರಿ,” ಎಂದರು ಇಂದುಮತಿ.

ಪೆಟ್ಟಿಗೆ ಮಗ್ಗದ ಚೌಕಟ್ಟಿಗೆ ಕಟ್ಟಿತ್ತು. ಅದರಿಂದ ಹೊರಟ ತಂತಿಯ ಸುರುಳಿಯೊಂದು ಮೋಟಾರಿನ ವೈರಿಗೆ ಸುತ್ತಿತ್ತು. ಇನ್ನೊಂದು ವೈರು ಗೋಡೆಯ ಪ್ಲಗ್ಗಿಗೆ ಹೋಗಿತ್ತು. ದೀಪ ಹತ್ತಿದರೂ ಮಗ್ಗ ನಿಲ್ಲಿಸಬಾರದು ಎಂದು ಹೇಳಿ, ಇಂದುಮತಿ ಕುರ್ಚಿ ಹಾಕಿಸಿಕೊಂಡು ನೋಟ್‌ಬುಕ್ ತೆರೆದು ಕೂತರು. ಹತ್ತು ನಿಮಿಷದಲ್ಲಿ ದೀಪ ಹತ್ತಿತು. ಅವರು ಗಡಿಯಾರ ನೋಡಿದರು. ಹದಿನೆಂಟನೇ ಸೆಕೆಂಡಿಗೆ ಎಳೆ ಹರಿಯಿತು.

ಮೊದಲು ಅವರ ಸಂಶಯ ಸಂಗಪ್ಪನ ಮೇಲೆ. “ನೀವು ಸ್ವಲ್ಪ ಹೊರಗ ನಿಂದರ್ರಿ. ಗುಂಡಿ ಹತ್ರ ಕಾಲ ಬ್ಯಾಡ.” ಸಂಗಪ್ಪ ಹೊಸ್ತಿಲಾಚೆ ನಿಂತ. ಮತ್ತೆ ದೀಪ ಹತ್ತಿತು, ಮತ್ತೆ ಎಳೆ ಹರಿಯಿತು. ಆಮೇಲೆ ಶಾಕಾಂಬರಿಯ ಫೋನ್ ಇಸಿದುಕೊಂಡು ಆಫ್ ಮಾಡಿದರು. ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ಬೇರೇನಾದರೂ ಇದೆಯೇ ಎಂದು ಟಾರ್ಚ್ ಬಿಟ್ಟು ನೋಡಿದರು. ಮಧ್ಯಾಹ್ನ ಎರಡರ ತನಕ ಹನ್ನೆರಡು ಸಲ ಎಳೆ ಹರಿದಿತ್ತು. ಹನ್ನೊಂದು ಸಲ ದೀಪ ಮೊದಲೇ ಹತ್ತಿತ್ತು.

ಇಷ್ಟಾದರೂ ಇಂದುಮತಿಗೆ ಖುಷಿಯಾಗಲಿಲ್ಲ. ಬಯಲಿನಲ್ಲಿ ನಿಂತು ಎಲೆ ಕದಲದಿದ್ದರೂ ಗಾಳಿ ತಾಗಿದಂತೆ ಇತ್ತು ಅವರಿಗೆ. ಎಲ್ಲಿಂದ ಎಂದು ಗೊತ್ತಾಗುತ್ತಿರಲಿಲ್ಲ.

ಎರಡೂಕಾಲು ಗಂಟೆಗೆ ಪಕ್ಕದ ಮನೆಯ ಮಗ್ಗಗಳು ನಿಂತವು. ಅಲ್ಲಿನ ನೇಕಾರ ಲಕ್ಷ್ಮಣ ಊಟಕ್ಕೆದ್ದಿದ್ದ. ಅದಾದ ಅರ್ಧ ಗಂಟೆಯಲ್ಲಿ ಸಂಗಪ್ಪನ ಮಗ್ಗದಲ್ಲಿ ಮೂರು ಎಳೆ ಹರಿದವು. ದೀಪ ಒಮ್ಮೆಯೂ ಹತ್ತಲಿಲ್ಲ. ಎರಡೂಮುಕ್ಕಾಲಿಗೆ ಲಕ್ಷ್ಮಣ ಕೈ ಒರೆಸಿಕೊಳ್ಳುತ್ತ ಬಂದು ಮಗ್ಗ ಚಾಲೂ ಮಾಡಿದ. ಮುಂದಿನ ಎಳೆಗೆ ದೀಪ ಹತ್ತಿತು.

ಇಂದುಮತಿ ಪೆನ್ನು ಮುಚ್ಚಿದರು. ಶಾಕಾಂಬರಿ ತುಟಿ ಕಚ್ಚಿಕೊಂಡು ನಿಂತಿದ್ದನ್ನು ಅವರು ನೋಡಿದರು. ಅದೇ ಸಾಕಾಯಿತು.

“ಬಾಜೂ ಮನ್ಯಾಗ ಯಾರದಾರ?”

“ಲಕ್ಷ್ಮಣಕಾಕಾ, ಕಾಕು. ಇಬ್ಬರ ಅದಾರ್ರಿ.”

“ಬ್ಯಾರೆ ಯಾರೂ ಇಲ್ಲ?”

“ಇಲ್ರಿ.”

“ಮತ್ತ ಆ ಮನಿ ಮಂದಿ ಊಟಕ್ಕ ಎದ್ರ ನಿನ್ನ ಪೆಟ್ಟಿಗಿ ಯಾಕ ಕುರುಡ ಆಗತೈತಿ?”

ಇಂದುಮತಿ ಪಕ್ಕದ ಮನೆಗೆ ಹೋಗಿ ನೋಡಿದರು. ಎರಡು ಮಗ್ಗ, ನೂಲಿನ ಮೂಟೆ, ಕೊಡ. ಏನೂ ಸಿಗಲಿಲ್ಲ. ಸಿಗದಂತೆ ಇಟ್ಟಿದ್ದಾರೆ ಎಂದುಕೊಂಡರು.

ಹೊರಡುವಾಗ ಸಂಗಪ್ಪ ಓಣಿಯ ತುದಿಯ ತನಕ ಬಂದ. “ಮೇಡಂ, ನನ್ನ ಮಗಳ ಮ್ಯಾಲ ಸಂಶೆ ಐತೇನ್ರಿ ನಿಮಗ?”

“ಐತ್ರಿ,” ಎಂದರು ಇಂದುಮತಿ. ಮರೆಮಾಚುವುದು ಅವರ ಸ್ವಭಾವವಲ್ಲ.

*

ವಾರದೊಳಗೆ ಅವರು ಪ್ರಾಜೆಕ್ಟ್ ಸಮಿತಿಗೆ ಪತ್ರ ಬರೆದರು. ‘ಸಾಧನಕ್ಕೆ ಹೊರಗಿನಿಂದ ಗುಪ್ತ ನೆರವು ಇರುವ ಸಂಭವವಿದೆ. ವಿದ್ಯಾರ್ಥಿನಿಗೆ ತನ್ನ ವಿನ್ಯಾಸ ಅರ್ಥವಾಗಿಲ್ಲ.’ ಸಮಿತಿ ಶಾಕಾಂಬರಿಗೆ ನೋಟಿಸ್ ಕೊಟ್ಟಿತು. ಮೇ ಕೊನೆಗೆ ಮಾರ್ಗದರ್ಶಕರು ಅಂತಿಮ ವರದಿ ಕೊಡಬೇಕು, ಆ ತನಕ ಅವಳ ಪ್ರಾಜೆಕ್ಟನ್ನು ತಡೆಹಿಡಿಯಲಾಗಿದೆ ಎಂದಿತು. ಶಾಕಾಂಬರಿ ಕಾಲೇಜಿಗೆ ಬರುವುದನ್ನು ನಿಲ್ಲಿಸಿದಳು.

ಇಂದುಮತಿಯ ಮನೆಯಲ್ಲಿ ಇದ್ದದ್ದು ಅವರು ಮತ್ತು ಮಾವ ಗುರುಸಿದ್ದಪ್ಪ. ಗಂಡ ವಿಜಯಪುರಕ್ಕೆ ವರ್ಗವಾಗಿ ಶನಿವಾರಕ್ಕೊಮ್ಮೆ ಬರುತ್ತಿದ್ದರು. ಗುರುಸಿದ್ದಪ್ಪ ಮೂವತ್ತನಾಲ್ಕು ವರ್ಷ ಲೈನ್‌ಮನ್ ಆಗಿದ್ದವರು. ಎಪ್ಪತ್ತೆಂಟರಲ್ಲೂ ಓಣಿಯವರ ಫ್ಯೂಸ್ ಹೋದರೆ ಅವರನ್ನೇ ಕರೆಯುತ್ತಿದ್ದರು. ಮೇ ತಿಂಗಳ ಒಂದು ಬೆಳಿಗ್ಗೆ, ರೊಟ್ಟಿ ಮುರಿಯುತ್ತ ಇಂದುಮತಿ ಈ ಕಥೆಯನ್ನೆಲ್ಲ ಹೇಳಿದರು. ವರದಿ ಬರೆಯಲು ಕೂತರೆ ಕೈ ಓಡುತ್ತಿಲ್ಲ ಎಂದೂ ಹೇಳಿದರು.

“ಬಾಜೂದವನ ಮಗ್ಗ ನಿಂತ್ರ ಇವರ ಪೆಟ್ಟಿಗಿ ನಿಂದರತೈತಿ. ಹೌದಲ್ಲ?”

“ಹೌದ್ರಿ.”

“ಆ ಸಾಲಮನಿಗೆ ಅರ್ಥಿಂಗ್ ತಂತಿ ನೆಲದಾಗ ಎಲ್ಲಿ ಇಳಿಸ್ಯಾರ, ನೋಡಿದ್ಯೇನು?”

ಇಂದುಮತಿ ರೊಟ್ಟಿಯನ್ನು ತಟ್ಟೆಯಲ್ಲಿಟ್ಟರು.

“ಕೆಳಗ ಬರೇ ಕಲ್ಲೈತಿ ಅಲ್ಲಿ,” ಎಂದರು ಮಾವ. “ಮನಿ ಕಟ್ಟಿದ ಗುತ್ತಿಗೆದಾರ ಎಂಟ ಕುಣಿ ತೋಡಲಿಕ್ಕೆ ಬ್ಯಾಸರ ಮಾಡ್ಕೊಂಡು ಒಂದ ಕುಣಿ ಹೊಡದಿರಬೇಕು. ಎಂಟೂ ಮನಿ ತಂತಿ ಅದರಾಗ ಬಿಟ್ಟಿರಬೇಕು. ಹಂಗಿದ್ರ ಬಾಜೂದವನ ಮಗ್ಗದ ಗುಂಯ್‌ಗುಡೂದು ಇವರ ಗ್ವಾಡಿ ಪ್ಲಗ್ಗಿನ್ಯಾಗೂ ಬರತೈತಿ. ನಿಮ್ಮ ಮೀಟರಿಗೆ ಕಾಣಸಲಾರದಷ್ಟ ಬರತೈತಿ, ಆದ್ರ ಬರತೈತಿ.”

ಇಂದುಮತಿಗೆ ಕಾಲೇಜಿನ ಪ್ರಯೋಗಶಾಲೆಯ ಶುದ್ಧವಾದ ಪ್ಲಗ್ಗು ಕಣ್ಣೆದುರು ಬಂತು. ಅಲ್ಲಿ ಅಕ್ಕಪಕ್ಕ ಯಾರೂ ನೇಯುವವರಿಲ್ಲ. ಹಾಗೆಂದು ಅವರು ಕೂಡಲೇ ಒಪ್ಪಲಿಲ್ಲ. ಮಾವನಿಗೆ ಹುಡುಗರ ಮೇಲೆ ಕರುಣೆ ಜಾಸ್ತಿ ಎಂಬುದು ಅವರಿಗೆ ಗೊತ್ತಿತ್ತು.

“ಹೇಳಿದ್ರ ಆಗೂದಿಲ್ಲ ಮಾವಾರ. ತೋರಸಬೇಕು.”

“ನಡಿ ಹಂಗಾದ್ರ,” ಎಂದು ಅವರು ಹಳೆಯ ಇಕ್ಕಳ ಹುಡುಕಲು ಎದ್ದರು.

*

ಈ ಸಲ ಸಂಗಪ್ಪ ಕುರ್ಚಿ ಹಾಕಲಿಲ್ಲ. “ಇನ್ನೇನ್ ನೋಡೂದ ಉಳದೈತ್ರಿ?” ಎಂದ. ಎರಡನೇ ಮಗ್ಗದ ಮುಂದೆ ಶಾಕಾಂಬರಿ ನಿಂತಿದ್ದಳು. ಕೂದಲ ತುಂಬ ಹತ್ತಿಯ ನಾರು. ಅವಳು ಎರಡು ತಿಂಗಳಿಂದ ನೇಯುತ್ತಿದ್ದಳು.

ಗುರುಸಿದ್ದಪ್ಪ ಮನೆಗಳ ಹಿಂದೆ ಸುತ್ತಿ ಬಂದರು. ಅವರು ಹೇಳಿದಂತೆಯೇ ಎಂಟು ತಂತಿಗಳು ಒಂದೇ ಕುಣಿಗೆ ಇಳಿದಿದ್ದವು. ಸಂಗಪ್ಪನ ಮನೆಯ ತಂತಿಯನ್ನು ಬಿಚ್ಚಿದರು. ಪೆಟ್ಟಿಗೆ ಕುರುಡಾಯಿತು. ಕಟ್ಟಿದರು, ದೀಪ ಹತ್ತಿತು. ಲಕ್ಷ್ಮಣನ ತಂತಿಯೊಂದನ್ನೇ ಬಿಚ್ಚಿದರು, ಪೆಟ್ಟಿಗೆ ಮತ್ತೆ ಕುರುಡು. ಇಂದುಮತಿ ಬೆಳಗಿನಿಂದ ಸಂಜೆ ತನಕ ಇದನ್ನೇ ಮಾಡಿಸಿದರು. ಒಂದು ಸಲ ಬಿಚ್ಚಿದ್ದೇನೆ ಎಂದು ಸುಳ್ಳು ಹೇಳಿಸಿ ಬಿಚ್ಚದೆ ನೋಡಿದರು. ಒಂದು ಸಲ ಯಾರಿಗೂ ಹೇಳದೆ ಬಿಚ್ಚಿಸಿದರು. ಯಾರು ಏನು ಹೇಳಿದರೂ ಪೆಟ್ಟಿಗೆ ತಂತಿಯನ್ನಷ್ಟೇ ಅನುಸರಿಸಿತು.

ನಿಧಾನಕ್ಕೆ ಅವರಿಗೆ ಅರ್ಥವಾಯಿತು. ಹಾಸಿನ ಎಳೆ ಹರಿಯುವ ಮುಂಚೆ ಬಿಗಿತ ಬದಲಾಗಿ ಮೋಟಾರಿನ ಕರೆಂಟು ಕೂದಲೆಳೆಯಷ್ಟು ಅಲುಗುತ್ತದೆ. ಆದರೆ ಕರೆಂಟು ತನ್ನಷ್ಟಕ್ಕೂ ದಿನವಿಡೀ ಅಲುಗುತ್ತಲೇ ಇರುತ್ತದೆ. ಯಾವುದು ಎಳೆಯಿಂದ, ಯಾವುದು ಊರಿನ ಲೈನಿನಿಂದ ಎಂದು ತಿಳಿಯಲು ಹೋಲಿಸಿ ನೋಡುವುದಕ್ಕೆ ಇನ್ನೊಂದು ಮಗ್ಗ ಬೇಕು. ಒಂಬತ್ತು ತಿಂಗಳ ತಡಕಾಟದಲ್ಲಿ ಚಿಪ್ಪು ಆ ಇನ್ನೊಂದು ಮಗ್ಗವನ್ನು ಗೋಡೆಯಾಚೆ ಲಕ್ಷ್ಮಣನ ಮನೆಯಲ್ಲಿ ತಾನೇ ಹುಡುಕಿಕೊಂಡಿತ್ತು. ಎಲ್ಲಿಗೂ ಸೇರದ ಕೋಶಗಳು ಅರ್ಥಿಂಗಿನಿಂದ ಬರುವ ಗುಂಯ್‌ಗುಡುವಿಕೆಗೆ ಮೈಯೊಡ್ಡಿ ಕೂತಿದ್ದವು. ತಂತಿ ಇಲ್ಲದಿದ್ದರೂ ಪಕ್ಕದ ಕೋಶಗಳಿಗೆ ಅವುಗಳ ನಡುಕ ತಾಗುತ್ತಿತ್ತು.

“ಲಕ್ಷ್ಮಣಕಾಕಾ ಮಗ್ಗ ನಿಲ್ಲಿಸಿದ್ರ ಇದು ನಿಂದರತೈತಿ ಅಂತ ನಿನಗ ಮೊದಲ ಗೊತ್ತಿತ್ತು,” ಎಂದರು ಇಂದುಮತಿ.

“ಗೊತ್ತಿತ್ರಿ. ಯಾಕಂತ ಗೊತ್ತಿದ್ದಿಲ್ಲ.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ಕಳ್ಳಿ ಅಂತಿದ್ರಿ.”

“ಹೇಳಲಿಲ್ಲಂತ ಅಂದೆ,” ಎಂದರು ಇಂದುಮತಿ. ಅವರ ದನಿ ಸಣ್ಣದಾಗಿತ್ತು. “ತಪ್ಪಾತು ಶಾಕಾಂಬರಿ.”

ಹುಡುಗಿ ಮಗ್ಗದ ಕಡೆ ತಿರುಗಿ, ಹರಿದ ಎಳೆಗೆ ಗಂಟು ಹಾಕಿದಳು.

ಆಗಲೇ ಹಿತ್ತಿಲಿನಿಂದ ಗುರುಸಿದ್ದಪ್ಪ ಬಂದರು. ಅವರ ಕೈಯಲ್ಲಿದ್ದ ಟೆಸ್ಟರ್ ಮಗ್ಗದ ಕಬ್ಬಿಣಕ್ಕೆ ತಾಗಿದ್ದೇ ಮಿಣಕ್ ಎಂದಿತು. “ಇಲ್ಲಿ ಕೈ ಹಚ್ಚಿದ್ರ ಏನರ ಆಗತೈತೇನವಾ?” ಎಂದು ನೀಲವ್ವನನ್ನು ಕೇಳಿದರು.

“ಜುಮುಜುಮು ಅಂತೈತ್ರಿ. ಮಳಿಗಾಲದಾಗ ಸ್ವಲ್ಪ ಜೋರ. ರೂಢಿ ಆಗೈತಿ. ಗೋಣಿಚೀಲದ ಮ್ಯಾಲ ನಿಂತ ನೇಯತೀವ್ರಿ.”

ಗುರುಸಿದ್ದಪ್ಪ ಸೊಸೆಯನ್ನು ಹೊರಗೆ ಕರೆದರು. ಕುಣಿಯಲ್ಲಿದ್ದ ತಗಡು ತುಕ್ಕು ಹಿಡಿದು ಪುಡಿಯಾಗಿದೆ. ಒಂದು ಮನೆಯಲ್ಲಿ ಸೋರಿದ ಕರೆಂಟು ನೆಲಕ್ಕಿಳಿಯದೆ ಉಳಿದ ಏಳು ಮನೆಯ ಮಗ್ಗಗಳ ಮೈಮೇಲೆ ಬರುತ್ತದೆ. ಒಂದು ಮೋಟಾರಿನ ವೈರು ಸುಟ್ಟರೂ ಸಾಕು. “ಮಳಿ ಬರೂದರಾಗ ಎಂಟೂ ಮನೀಗೆ ಬ್ಯಾರೆ ಬ್ಯಾರೆ ಕುಣಿ ಹೊಡಿಸಬೇಕು. ಇಲ್ಲಂದ್ರ ಯಾರರ ಒಬ್ಬರು ಹೋಗತಾರ.”

“ಹೊಡಿಸಿದ್ರ ಪೆಟ್ಟಿಗಿ?”

“ಅದು ಹೋಗತೈತಿ.”

ಪ್ರಾಜೆಕ್ಟ್ ಪರೀಕ್ಷೆಗೆ ಇನ್ನೂ ಹದಿನಾರು ದಿನವಿತ್ತು. ಇಂದುಮತಿ ಮರುದಿನವೇ ಸಮಿತಿಗೆ ಹೋಗಿ ತಮ್ಮ ಹಳೆಯ ಪತ್ರ ಹಿಂತೆಗೆದುಕೊಂಡರು. ಈ ಒಂದು ಪ್ರಾಜೆಕ್ಟಿನ ಪರೀಕ್ಷೆ ಬೇಗ ಮಾಡಿ ಎಂದು ಬೇಡಿದರು. ಹೊರಗಿನ ಪರೀಕ್ಷಕರ ದಿನ ಬದಲಿಸಲಾಗದು ಎಂದು ಉತ್ತರ ಬಂತು. ಹದಿನಾರು ದಿನ ಎಂಟೂ ಮನೆಯವರು ಮಗ್ಗ ನಿಲ್ಲಿಸಿ ಕೂತರೆ ಉಣ್ಣುವುದೇನು? ಅವರು ಮಾವನನ್ನು ಕರೆದುಕೊಂಡು ನೇಕಾರ ಕಾಲೊನಿಗೆ ಬಂದು, ಇದ್ದದ್ದನ್ನು ಇದ್ದ ಹಾಗೆ ಶಾಕಾಂಬರಿಯ ಮುಂದಿಟ್ಟರು.

“ಇಷ್ಟ ವರ್ಷ ಏನೂ ಆಗಿಲ್ಲ. ಇನ್ನ ಹದಿನೈದ ದಿನದಾಗ ಏನಾಗತೈತಿ?” ಎಂದ ಸಂಗಪ್ಪ.

ಅಂದು ಮಧ್ಯಾಹ್ನ ಮುಂಗಾರಿಗೆ ಮುಂಚಿನ ಒಂದು ಜೋರು ಮಳೆ ಬಿತ್ತು. ಅರ್ಧ ಗಂಟೆಯಷ್ಟೇ. ಲಕ್ಷ್ಮಣನ ಹೆಂಡತಿ ಕಸ್ತೂರಿ ಒದ್ದೆ ಕೈಯಲ್ಲಿ ಮಗ್ಗ ಹಿಡಿದು ಕಿಟಾರನೆ ಕಿರುಚಿದಳು. ಲಕ್ಷ್ಮಣ ಮೇನ್ ಸ್ವಿಚ್ ಕೆಳಗೆಳೆದ. ಅವಳು ಬದುಕಿದಳು. ಬಲಗೈಯ ಬೆರಳುಗಳು ಸಂಜೆ ತನಕ ಮಡಚಿದ್ದವು ಬಿಚ್ಚಲಿಲ್ಲ.

ಶಾಕಾಂಬರಿ ಕಸ್ತೂರಿಯ ಬೆರಳುಗಳನ್ನು ಒಂದೊಂದಾಗಿ ನೀವಿ ಬಿಡಿಸುತ್ತ ಕೂತಿದ್ದಳು. ತಲೆಯೆತ್ತಿ ಗುರುಸಿದ್ದಪ್ಪನವರಿಗೆ, “ಅಜ್ಜಾರ, ನಾಳೆ ಮುಂಜಾನೆ ಕುಣಿ ಹೊಡೀರಿ,” ಎಂದಳು.

ಎರಡು ದಿನದಲ್ಲಿ ಎಂಟು ಕುಣಿ ಆದವು. ಹಳೆಯ ಕುಣಿ ಕಿತ್ತು ಮುಚ್ಚಿದರು. ಮೂರನೇ ದಿನ, ಆಸೆ ಬಿಡಲಾರದೆ, ಗುರುಸಿದ್ದಪ್ಪ ಎರಡು ಮನೆಗಳ ಮಧ್ಯೆ ಒಂದು ತಾತ್ಕಾಲಿಕ ತಂತಿ ಎಳೆದರು. ಒಂದು ಗಂಟೆ ಎಲ್ಲರೂ ಪೆಟ್ಟಿಗೆಯ ಮುಂದೆ ಕೂತರು. ಏಳು ಎಳೆ ಹರಿದವು. ದೀಪ ಹತ್ತಲಿಲ್ಲ. ಆ ಚಿಪ್ಪು ಬೆಳೆದದ್ದು ಆ ತುಕ್ಕಿನ ಕುಣಿಗೆ. ಹೊಸ ತಾಮ್ರದ ಸರಳು ಅದಕ್ಕೆ ಅಪರಿಚಿತ.

*

ಉಳಿದ ದಿನಗಳನ್ನು ಗುರು ಶಿಷ್ಯೆ ಇಬ್ಬರೂ ಆ ನಕ್ಷೆಯ ಮೇಲೆ ಕಳೆದರು. ಹಿಂದೆ ಅಳೆದು ಬರೆದಿಟ್ಟ ಅಂಕಿಗಳನ್ನು ಮುಂದಿಟ್ಟುಕೊಂಡು ಒಂದೊಂದು ಕೋಶದ ಕೆಲಸ ಬಿಡಿಸಿದರು. ಸೇರದ ಐದರಲ್ಲಿ ಮೂರರ ಕೆಲಸ ತಿಳಿಯಿತು. ಎರಡರದು ತಿಳಿಯಲಿಲ್ಲ.

ಹೊರಗಿನ ಪರೀಕ್ಷಕರು ಪ್ರೊಫೆಸರ್ ತೋರಗಲ್ಲ. ಮೆತ್ತಗೆ ಮಾತಾಡುವ, ಅಂಕಿಯೊಂದನ್ನು ಎರಡು ಸಲ ಕೇಳುವ ಮನುಷ್ಯ. ಇಂದುಮತಿಯ ಹಳೆಯ ಕ್ಷಮಾಪಣೆಯ ಕಥೆ ಅವರಿಗೂ ತಲುಪಿತ್ತು. ಸತ್ತ ಪೆಟ್ಟಿಗೆಯನ್ನು ಅವರು ಕೈಯಲ್ಲಿ ತಿರುಗಿಸಿ ನೋಡಿದರು.

“ಇದು ಕೆಲಸ ಮಾಡುತ್ತಿತ್ತು, ಆದರೆ ನಾನು ಬರುವ ಹೊತ್ತಿಗೆ ನಿಂತಿತು. ಹೌದೇನಮ್ಮ?”

“ಹೌದ್ರಿ ಸರ.”

“ಅದು ನಡೆಯುವುದಕ್ಕೆ ಕಾರಣವಾದ ಕುಣಿಯೂ ಈಗ ಇಲ್ಲ.”

“ಇಲ್ರಿ. ಮುಚ್ಚೀವ್ರಿ.”

“ಈ ಸರ್ಕ್ಯೂಟ್ ಮಾಡಿದವರು ಯಾರು?”

“ಯಾರೂ ಮಾಡಿಲ್ರಿ ಸರ. ಆಗೂವಂಗ ನಾ ಮಾಡೀನ್ರಿ.”

ಅವರು ನಕ್ಷೆಯ ಮೇಲೆ ಬೆರಳಿಟ್ಟರು. ಸರಿಯಾಗಿ ಆ ಎರಡರ ಮೇಲೆಯೇ. “ಇವು?”

“ಗೊತ್ತಿಲ್ರಿ.”

ತೋರಗಲ್ಲ ಇಂದುಮತಿಯ ಕಡೆ ತಿರುಗಿದರು. “ಮೇಡಂ, ನನ್ನ ಜಾಗದಲ್ಲಿ ನೀವಿದ್ದರೆ ನಂಬುತ್ತಿದ್ದಿರಾ?”

ಇಂದುಮತಿಗೆ ಸುಳ್ಳು ಹೇಳಲು ಬಹಳ ಆಸೆಯಾಯಿತು. “ಇಲ್ಲ ಸರ್. ನಂಬಿರಲಿಲ್ಲ,” ಎಂದರು. “ಇವಳ ಮೇಲೆ ದೂರು ಬರೆದವಳೇ ನಾನು. ಆಮೇಲೆ ಕೂತು ನೋಡಿದೆ. ಐವತ್ತೆರಡು ಸಲ ತಂತಿ ಬಿಚ್ಚಿಸಿ ಕಟ್ಟಿಸಿದ್ದೇನೆ, ಈ ನೋಟ್‌ಪುಸ್ತಕದಲ್ಲಿ ಎಲ್ಲ ಇದೆ. ತೋರಿಸುವುದಕ್ಕೆ ಬೇರೇನೂ ಉಳಿದಿಲ್ಲ.”

ಗ್ರಹಿಕೆ ಪತ್ರ ಮೇಜಿನ ಮೇಲಿತ್ತು. ಇಂದುಮತಿ ‘ಪ್ರತಿಯೊಂದು ಭಾಗವೂ’ ಎಂಬುದನ್ನು ಒಂದು ಗೆರೆಯಿಂದ ಹೊಡೆದು, ಮೇಲೆ ಕೈಬರಹದಲ್ಲಿ ‘ಮೂವತ್ತೇಳರಲ್ಲಿ ಮೂವತ್ತೈದು ಭಾಗಗಳು’ ಎಂದು ಬರೆದು ಸಹಿ ಮಾಡಿದರು. ತೋರಗಲ್ಲ ಆ ಕಾಗದವನ್ನು ಎರಡು ಸಲ ಓದಿದರು. ಪುಸ್ತಕವನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಆದರೆ ಸಹಿ ಮಾಡಲಿಲ್ಲ.

ಶಾಕಾಂಬರಿಯ ಫಲಿತಾಂಶವನ್ನು ತಡೆಹಿಡಿಯಲಾಯಿತು. ತಿದ್ದಿದ ಪತ್ರಕ್ಕೆ ನಿಯಮದಲ್ಲಿ ಅವಕಾಶವಿಲ್ಲ ಎಂದು ವಿಶ್ವವಿದ್ಯಾಲಯದಿಂದ ಉತ್ತರ ಬಂತು. ಇಂದುಮತಿಯನ್ನು ಒಂದು ವರ್ಷ ಮಾರ್ಗದರ್ಶಕರ ಪಟ್ಟಿಯಿಂದ ತೆಗೆದರು. ಪುಸ್ತಕ ಮಾತ್ರ ಆಗಸ್ಟಿನಲ್ಲಿ ಅಂಚೆಯಲ್ಲಿ ವಾಪಸು ಬಂತು. ಅಂಚುಗಳಲ್ಲೆಲ್ಲ ತೋರಗಲ್ಲರ ಸಣ್ಣ ಅಕ್ಷರದ ಪ್ರಶ್ನೆಗಳಿದ್ದವು, ಒಟ್ಟು ನಲವತ್ತೊಂದು. ಕೊನೆಯ ಪುಟದಲ್ಲಿ, ‘ಡಿಸೆಂಬರಿನಲ್ಲಿ ಮತ್ತೊಮ್ಮೆ ಅರ್ಜಿ ಹಾಕಿಸಿ. ನಾನೇ ಬರುತ್ತೇನೆ. ಕಾಲೇಜಿಗಲ್ಲ, ಮನೆಗೆ’ ಎಂದಿತ್ತು.

ಅಷ್ಟರಲ್ಲಿ ಶಾಕಾಂಬರಿ ಹೊಸ ಸರ್ಕ್ಯೂಟ್ ಬೆಳೆಸಲು ಚಿಪ್ಪನ್ನು ಮತ್ತೆ ಮಗ್ಗದ ಪಕ್ಕ ಕೂರಿಸಿದ್ದಳು. ಈ ಸಲ ಲಕ್ಷ್ಮಣನ ಮೋಟಾರಿನ ವೈರಿಗೂ ಒಂದು ಸುರುಳಿ ಸುತ್ತಿ, ಗೋಡೆಯಲ್ಲಿ ತೂತು ಕೊರೆದು, ಎಲ್ಲರಿಗೂ ಕಾಣುವಂತೆ ತಂತಿ ತಂದಿದ್ದಳು. ಹಗಲು ನೇಯ್ಗೆ, ಮಧ್ಯೆ ಮಧ್ಯೆ ತೋರಗಲ್ಲರ ಪ್ರಶ್ನೆಗಳಿಗೆ ಉತ್ತರ. ಸಂಗಪ್ಪ ಮತ್ತೆ ಗುಂಡಿ ಒತ್ತತೊಡಗಿದ್ದ. ಕಸ್ತೂರಿಯ ಬೆರಳುಗಳು ಪೂರ್ತಿ ಸರಿಯಾಗಿರಲಿಲ್ಲ. ಅವಳ ಮನೆಯ ಕಂಡಿಕೆಯನ್ನೂ ನೀಲವ್ವನೇ ಸುತ್ತಿಕೊಡುತ್ತಿದ್ದಳು.

ಇಂದುಮತಿಯ ಬದಲು ಮಾರ್ಗದರ್ಶಕನಾಗಿ ಬಂದವನು ರಿಯಾಜ್ ಅತ್ತಾರ. ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷವಾಗದ ತರುಣ. ನವೆಂಬರಿನಲ್ಲಿ ಒಂದು ದಿನ ಕಾಗದಗಳ ಕಟ್ಟು ಹಿಡಿದು ಅವರ ಕೋಣೆಗೆ ಬಂದ. ಕೂರದೆ ನಿಂತೇ ಕೇಳಿದ.

“ಮೇಡಂ, ಆ ಶಾಕಾಂಬರಿ ಹೊಸೂರ 'ಹತ್ತಕ್ಕ ಒಂಬತ್ತು ಸಲ ನಡೀತೈತಿ' ಅಂತ ಬರದಾಳ. ಸಹಿ ಮಾಡಬೇಕಾದವ ನಾನು. ನಿಮ್ಮನ್ನ ನಂಬಿ ಕೇಳತೀನಿ. ಆ ಹುಡುಗೀನ ನಂಬಬಹುದೇನ್ರಿ?”

ಇಂದುಮತಿ ಅವನನ್ನು ನೋಡಿದರು. ಹೌದು ಎಂದುಬಿಟ್ಟರೆ ಅವನು ಸಹಿ ಹಾಕಿಬಿಡುತ್ತಿದ್ದ.

“ನಂಬಬ್ಯಾಡ,” ಎಂದರು. “ನನ್ನನ್ನೂ ನಂಬಬ್ಯಾಡ. ಹೋಗಿ ನೋಡು. ಮುಂಜಾನಿಂದ ಸಂಜಿ ತನಕ ಕೂತ ನೋಡು.”

ರಿಯಾಜ್ ಶನಿವಾರ ಹೋದ. ಸೋಮವಾರ ಬೆಳಿಗ್ಗೆ ಸಹಿಯಿಲ್ಲದ ಕಾಗದಗಳೊಂದಿಗೆ ಬಂದ.

“ಹನ್ನೆರಡರಾಗ ಹತ್ತು ಸಲ ಸರಿ ಬಂತ್ರಿ. ಎರಡು ಸಲ ತಪ್ಪಿತು. ಯಾಕ ತಪ್ಪಿತು ಅಂತ ಕೇಳಿದೆ.”

“ಏನಂದ್ಲು?”

“ಗೊತ್ತಿಲ್ರಿ ಸರ, ಮತ್ತ ಬರ್ರಿ, ಇಬ್ಬರೂ ಕೂತ ನೋಡೂಣು ಅಂದ್ಲ್ರಿ.” ಅವನು ಗಡಿಯಾರ ನೋಡಿಕೊಂಡ. “ಇವತ್ತ ಎರಡನೇ ಪಿರಿಯಡ್ ನೀವು ತಗೋತೀರೇನ್ರಿ ಮೇಡಂ? ನಾ ಅಲ್ಲಿಗೆ ಹೋಗಬೇಕು.”